ಮೆಹೆಂದಿ ಬಣ್ಣದ ಗಾಡಿ ಮತ್ತು ಅವ್ವನ ಆಣೆ

ನಮ್ಮ ಮನೆಯ ಜೋಳದ ಡಬ್ಬಿಯ ಮೇಲಿರುವುದು ಡಬ್ಬಿಯ ಮುಚ್ಚಳವಲ್ಲ, ಕಾರಿನ ಗಾಲಿಯ ಮೇಲೆ ಕೂರುವ ಹೊಳೆಯುವ ತಟ್ಟೆ. ಮೊನ್ನೆ ಬೀದರಿನಿಂದ ಬಂದ ಹೊಸ ಬೀಗರು ಅದನ್ನು ಎತ್ತಿ ತಿರುಗಿಸಿ ನೋಡಿ, "ಇದು ಏನ್ ಸಾಮಾನ್ರಿ?" ಎಂದು ಕೇಳಿದರು. ನನ್ನ ಹೆಂಡತಿ ಶಾಂತಾ ಒಲೆಯ ಮುಂದಿನಿಂದಲೇ, "ಅದು ಇವ್ರ ಮೊದಲ್ನೇ ಹೆಂಡ್ತಿ ದಾಗೀನ್ರಿ. ಆಕಿ ಹೋದ್ಳು, ಇದೊಂದು ಉಳದದ" ಎಂದಳು. ಬೀಗರ ಮುಖ ಬಿಳಿಚಿಕೊಂಡಿತು. ಮಗಳನ್ನು ಕೊಟ್ಟಾದ ಮೇಲೆ ಇಂಥ ಸುದ್ದಿ ಕಿವಿಗೆ ಬಿದ್ದರೆ ಯಾರಿಗಾದರೂ ಹಾಗೇ ಆಗುತ್ತದೆ. ಆ ಮೊದಲನೇ ಹೆಂಡತಿಗೆ ನಾಲ್ಕು ಗಾಲಿ, ನಾಲ್ಕು ಬಾಗಿಲು ಇದ್ದವೆಂದು ನಾನು ಅವರನ್ನು ಕೂರಿಸಿಕೊಂಡು ಬಿಡಿಸಿ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಚಹಾ ಆರಿತು. ಆದರೂ ಬೀಗರಿಗೆ ಹೇಳದೆ ಬಿಟ್ಟದ್ದು ಒಂದಿಷ್ಟು ಉಳಿಯಿತು. ಬೀಗರಿಗೆ ಎಲ್ಲವನ್ನೂ ಹೇಳಲಾಗುವುದಿಲ್ಲ, ನಿಮಗೆ ಹೇಳಬಹುದು.

ಗಡಿಯಾಚೆ, ಮಹಾರಾಷ್ಟ್ರದ ನಿಲಂಗಾ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಾಗ ಮರಾಠಿ, ಮನೆಯ ಹೊಸ್ತಿಲು ದಾಟಿದರೆ ಕನ್ನಡ, ಸಿಟ್ಟು ಬಂದರೆ ಎರಡೂ. ಇಂಥ ಊರಿನಲ್ಲಿ ಬಟ್ಟೆ ವ್ಯಾಪಾರಿ ಎಂದರೆ ಒಂದು ಮೋಟರ್ ಸೈಕಲ್ಲು, ಹೆಚ್ಚೆಂದರೆ ಸರಕು ತರುವ ಒಂದು ಟೆಂಪೊ. ನನಗೆ ಯಾವ ಗ್ರಹಚಾರವೋ, ನಲವತ್ತು ದಾಟಿದ ಮೇಲೆ ದೊಡ್ಡ ಗಾಡಿಯ ಹುಚ್ಚು ಹಿಡಿಯಿತು. ಸೋಲಾಪುರದ ಡಾಕ್ಟರೊಬ್ಬರು ತಮ್ಮ ಹಳೆಯ ಗಾಡಿ ಮಾರುತ್ತಾರೆಂದು ತಿಳಿದು ನೋಡಲು ಹೋದೆ. ಗಾಡಿಯ ಹೆಸರು ಹೇಳುವುದಿಲ್ಲ. ಒಂದು ಕಾಲಕ್ಕೆ ಮಂತ್ರಿಗಳೂ ಸಕ್ಕರೆ ಕಾರ್ಖಾನೆಯ ಅಧ್ಯಕ್ಷರೂ ಅದರಲ್ಲಿ ಓಡಾಡುತ್ತಿದ್ದರು. ನಾನು ಕೊಳ್ಳುವ ಹೊತ್ತಿಗೆ ಕಂಪನಿಯವರು ಅದನ್ನು ತಯಾರಿಸುವುದನ್ನೇ ನಿಲ್ಲಿಸಿ ಬಹಳ ವರ್ಷಗಳಾಗಿದ್ದವು.

ಬೇರೆಯವರು ಗಾಡಿ ಕೊಳ್ಳುವಾಗ ಬಾನೆಟ್ ಎತ್ತುತ್ತಾರೆ, ಕೆಳಗೆ ಬಗ್ಗಿ ನೋಡುತ್ತಾರೆ, ಟೈರಿಗೆ ಒದೆಯುತ್ತಾರೆ. ನಾನು ಹಿಂದಿನ ಬಾಗಿಲು ತೆಗೆದು ಸೀಟಿನ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿ ನೋಡಿದೆ. ಅಸಲಿ ಮಖಮಲ್ಲು. ಅಷ್ಟು ವರ್ಷ ಕುಂಡಿ ಊರಿದ್ದರೂ ಒಂದೆಳೆ ಬಿಟ್ಟಿರಲಿಲ್ಲ. ವ್ಯವಹಾರ ಅಲ್ಲೇ ಮುಗಿಯಿತು. ಡಾಕ್ಟರು ಎಂಜಿನ್ನಿನ ಬಗ್ಗೆ ಏನೋ ಹೇಳಲು ಬಂದರು, ನಾನು ಬಣ್ಣ ನೋಡುತ್ತಿದ್ದೆ. ಗಿಳಿಹಸಿರಲ್ಲ, ಬಾಟಲಿ ಹಸಿರೂ ಅಲ್ಲ. ನಮ್ಮ ಅಂಗಡಿಯ ಭಾಷೆಯಲ್ಲಿ ಮೆಹೆಂದಿ. ಅವರು ಹೇಳಲು ಬಂದದ್ದನ್ನು ಪೂರ್ತಿ ಕೇಳಿದ್ದರೆ ಎಷ್ಟೋ ತಾಪತ್ರಯ ತಪ್ಪುತ್ತಿತ್ತು ಎಂದು ಈಗಲೂ ಅನಿಸುತ್ತದೆ.

ಬಟ್ಟೆಯನ್ನು ಬೆರಳಿನಿಂದ ಓದುವ ಈ ವಿದ್ಯೆ ನನಗೆ ಬಂದದ್ದು ಚಿಗವ್ವನಿಂದ. ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಅವ್ವನ ತವರು ದೇವಣಿಯ ಹತ್ತಿರದ ಹಳ್ಳಿ. ಅಜ್ಜನಿಗೆ ಹೊಲವಿತ್ತು, ಕಪ್ಪು ಬಿಳಿ ಮಚ್ಚೆಯ ದೇವಣಿ ಎತ್ತಿನ ಜೋಡಿಯಿತ್ತು, ಸಂತೆಗಳಿಗೆ ಬಟ್ಟೆ ಒಯ್ದು ಮಾರುವ ಸಣ್ಣ ಉದ್ಯೋಗವೂ ಇತ್ತು. ಬೇಸಿಗೆ ರಜೆಗೆ ಹೋದಾಗ, ಇನ್ನೂ ಮದುವೆಯಾಗದ ಚಿಗವ್ವ ನನ್ನನ್ನು ಬಟ್ಟೆಯ ಗಂಟಿನ ಮೇಲೆ ಕೂರಿಸಿ ಸೆರಗಿನಿಂದ ಕಣ್ಣು ಮುಚ್ಚಿ, ಒಂದೊಂದೇ ತುಂಡು ಕೈಗೆ ಕೊಡುತ್ತಿದ್ದಳು. "ಇದ್ಯಾವ್ದು?" "ಮಲ್ಲು." "ಇದು?" "ಖಾದಿ." ತಪ್ಪಿದರೆ ಅವಳೇ ನಕ್ಕು ಹೊರಳಾಡುತ್ತಿದ್ದಳು. ಸರಿ ಹೇಳಿದರೆ ಹುರಿದ ಶೇಂಗಾ. ಅವಳ ಮೈಗೆ ಹೊಸ ಬಟ್ಟೆಯ ಗಂಜಿಯ ವಾಸನೆಯಿರುತ್ತಿತ್ತು. ಅವ್ವನಿಗಿಂತ ಅವಳನ್ನೇ ನಾನು ಹೆಚ್ಚು ಹಚ್ಚಿಕೊಂಡಿದ್ದೆ ಎಂದರೆ ಅವ್ವ ಈಗಲೂ ಮೂಗು ಮುರಿಯುತ್ತಾಳೆ. ಮುಂದೆ ಅವಳನ್ನು ಉದಗೀರಿಗೆ, ಕಿರಾಣಿ ವ್ಯಾಪಾರದ ಮನೆಗೆ ಕೊಟ್ಟರು.

ಗಾಡಿಗೆ ಬರೋಣ. ಅದು ಮನೆಗೆ ಬಂದ ತಿಂಗಳಿಗೆ ಬಲಗಡೆಯ ಕಿಟಕಿ ಇಳಿದದ್ದು ಏರಲಿಲ್ಲ. ಅದರ ಮರುತಿಂಗಳು ಒಳಗಿನ ಛಾವಣಿಯ ಬಟ್ಟೆ ಕಿತ್ತು ತಲೆಯ ಮೇಲೆ ಜೋತುಬಿತ್ತು. ಸಾಮಾನು ಕೇಳಿದರೆ ಲಾತೂರಿನ ಅಂಗಡಿಯವರು ನಗುತ್ತಿದ್ದರು. ಕೊನೆಗೆ ಯಾರೋ ಉಮರ್ಗಾದ ಚಾಂದ್ ಮಿಸ್ತ್ರಿಯ ಹೆಸರು ಹೇಳಿದರು. ಪುಣೆ-ಹೈದರಾಬಾದ್ ಹೆದ್ದಾರಿಯ ಬದಿಗೆ, ಲಾರಿಗಳು ಸಾಲಾಗಿ ನಿಲ್ಲುವಲ್ಲಿ, ತಗಡಿನ ನೆರಳಲ್ಲಿ ಅವನ ಗ್ಯಾರೇಜು. ಬಿಳಿ ಗಡ್ಡ, ಎಣ್ಣೆ ಕುಡಿದು ಕುಡಿದು ಚರ್ಮದಂತಾದ ಅಂಗಿ. ಅವನು ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂ ಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತ. ಮದ್ದಾನೆಯನ್ನು ಸಾಕುವೆನೆಂದು ಬಂದ ಮೂರ್ಖನನ್ನು ನೋಡುವಂತೆ ಆಮೇಲೆ ನನ್ನನ್ನು ನೋಡಿದ.

"ಸಾವ್ಕಾರ್ರ, ಈ ಗಾಡಿ ಮಾಡಿದೋರು ಇದನ್ನ ಮರ್ತು ಬಿಟ್ಟಾರ. ಇನ್ನ ನೆನಪಿಟ್ಟೋರು ನೀವು, ನಾ, ಇಬ್ರೇ" ಎಂದ.

ಅಂದಿನಿಂದ ನಾವಿಬ್ಬರೂ ನೆನಪಿಡುವ ಕೆಲಸ ಶುರು ಮಾಡಿದೆವು. ಆಗಾಗ ಅವನು ಹೈದರಾಬಾದಿನ ಗುಜರಿ ಬಜಾರಿಗೆ ಹೋಗಿ ಉರ್ದು ಪೇಪರಿನಲ್ಲಿ ಸುತ್ತಿಕೊಂಡು ಏನಾದರೊಂದು ತರುತ್ತಿದ್ದ. ಸಿಗದಿದ್ದರೆ ಬೇರೆಯದನ್ನು ಕೊರೆದು, ಸವರಿ, ಕೂರಿಸುತ್ತಿದ್ದ. ಬಾಗಿಲಿನ ರಬ್ಬರು ಫ್ರಿಜ್ಜಿನದು. ಪಕ್ಕದ ಕನ್ನಡಿ ಟೆಂಪೊದ್ದು. ಹಿಡಿಕೆ ಜೀಪಿನದು. ಛಾವಣಿಯ ಕೆಲಸವನ್ನು ಮಾತ್ರ ನಾನೇ ವಹಿಸಿಕೊಂಡೆ. ಬಟ್ಟೆಯ ವಿಷಯದಲ್ಲಿ ಮಿಸ್ತ್ರಿಯ ಮಾತೇಕೆ ಕೇಳಬೇಕು? ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಕುಂಕುಮ ಬಣ್ಣದ ಖಣದ ಬಟ್ಟೆಯ ಥಾನು ತೆಗೆದು ಒಳಛಾವಣಿಗೆ ಹಚ್ಚಿಸಿದೆ. ಮೇಲೆಲ್ಲ ಸಣ್ಣ ಸಣ್ಣ ಬುಟ್ಟಾ. ಹತ್ತಿದ ಹೆಂಗಸರು ಹೋಗುವ ದಾರಿ ನೋಡದೆ ಮೇಲೆ ನೋಡುತ್ತ, "ಇದ್ರಾಗ ಇನ್ನೊಂದು ಕುಬ್ಸದ ತುಂಡು ಸಿಕ್ಕೀತೇನ್ರಿ?" ಎಂದು ಕೇಳುತ್ತಿದ್ದರು. ಇಬ್ಬರಿಗೆ ಮಾರಿದ್ದೂ ಉಂಟು.

ಶಾಂತಾಗೆ ಗಾಡಿ ಎಂದರೆ ಸವತಿ. ಅವ್ವನಿಗೆ ಮಾತ್ರ ಬಹಳ ಹೆಮ್ಮೆ. ಅವಳು ಹಿಂದಿನ ಸೀಟಿನ ನಟ್ಟನಡುವೆ ಕಾಲು ಮಡಚಿ, ಮನೆಯ ಜಗುಲಿಯ ಮೇಲೆ ಕೂತಂತೆ ಕೂರುತ್ತಿದ್ದಳು. ಪೇಟೆಯಲ್ಲಿ ಯಾರಾದರೂ ಪರಿಚಯದವರು ಕಂಡರೆ, "ನಿಂದ್ರಸು, ನಿಂದ್ರಸು" ಎಂದು ನನ್ನ ಬೆನ್ನು ತಟ್ಟಿ, ಕಿಟಕಿ ಇಳಿಸಿ, ಅವರ ಮನೆಯ ಕ್ಷೇಮಸಮಾಚಾರವನ್ನೆಲ್ಲ ಕೇಳುತ್ತಿದ್ದಳು. ಬಸ್ಸಿನಲ್ಲಿ ಹೋಗುವಾಗ ಅವರನ್ನೇ ಕಂಡೂ ಕಾಣದಂತೆ ಇರುತ್ತಿದ್ದಳೆಂಬುದು ನನಗೆ ಚೆನ್ನಾಗಿ ಗೊತ್ತು. ನಾನೂ ಅದೇ ಗರ್ಭದಲ್ಲಿ ಹುಟ್ಟಿದವನು. ಗಾಡಿಗೆ ಏನಾಗಿದೆ ಎಂದು ಯಾರು ಕೇಳಿದರೂ ನನ್ನದು ಒಂದೇ ಉತ್ತರ, "ಏನೂ ಆಗಿಲ್ರಿ, ಛಲೋ ಅದ."

ಈ "ಛಲೋ ಅದ" ಎಂಬ ಮಾತೇ ನನಗೆ ಮುಳುವಾಯಿತು.

ಚಿಗವ್ವ ತನ್ನ ಒಬ್ಬಳೇ ಮಗಳ ಮದುವೆ ಇಟ್ಟುಕೊಂಡಳು. ಅವಳೇ ನಿಲಂಗಾಕ್ಕೆ ಬಂದು, ಅಕ್ಕನ ಪಕ್ಕ ಕುಳಿತು, "ಅಕ್ಕಾ, ಅಳಿಯನ ವರಾತಕ್ಕ ಕುದರಿ ಬ್ಯಾಡ, ನಮ್ ಗಾಡಿ ಬೇಕು" ಎಂದಳು. 'ನಮ್ ಗಾಡಿ' ಎಂದದ್ದಕ್ಕೆ ಅವ್ವ ಉಬ್ಬಿಹೋದಳು, ನಾನು ಇನ್ನೂ ಉಬ್ಬಿದೆ. ಮದುವೆಗೆ ನಾಲ್ಕು ದಿನ ಇದೆ ಎನ್ನುವಾಗ ಒಮ್ಮೆ ತೋರಿಸಿ ಬರೋಣವೆಂದು ಉಮರ್ಗಾಕ್ಕೆ ಹೋದೆ. ಚಾಂದ್ ಮಿಸ್ತ್ರಿ ಎಂಜಿನ್ ಶುರು ಮಾಡಿ ಒಂದು ಬೀಡಿ ಮುಗಿಯುವವರೆಗೆ ಕಾದು ನೋಡಿದ.

"ಮುಂದಿನ ಪಂಖಾ ತಿರಗಲ್ಲಾಗ್ಯಾದ ಸಾವ್ಕಾರ್ರ. ಮೋಟರ್ ಸುಟ್ಟದ. ಜೋರ್ ಹೋದ್ರ ಫಿಕರ್ ಇಲ್ಲ, ಗಾಳಿನೇ ತಣ್ಣಗ ಮಾಡ್ತದ. ನಿಂತ್ರ, ಇಲ್ಲಾ ಮೆಲ್ಲಕ ನಡೆಸಿದ್ರ, ನೀರ್ ಕುದೀತದ. ಎಂಟ್ ದಿನ ಕೊಡ್ರಿ, ಹೈದ್ರಾಬಾದಿಂದ ತರ್ತೀನಿ."

ಎಂಟು ದಿನ ಎಲ್ಲಿತ್ತು? ವರಾತ ಎಂದರೆ ಮದುಮಗನ ಮೆರವಣಿಗೆ, ಬ್ಯಾಂಡಿನವರ ಹಿಂದೆ ಆಮೆಯ ನಡಿಗೆ. ಅದರಲ್ಲೂ ಉದಗೀರಿನ ಬೇಸಿಗೆಯ ಮಧ್ಯಾಹ್ನ. ಆ ಸಂಗತಿ ನನಗೆ ಹೊಳೆಯಲೇ ಇಲ್ಲವೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಉಮರ್ಗಾದಿಂದ ಮರಳುವ ದಾರಿಯಲ್ಲೇ ಹೊಳೆದಿತ್ತು. ಆದರೆ ಮನೆಗೆ ಬಂದಾಗ ಅವ್ವ, "ಏನಂದ ಮಿಸ್ತ್ರಿ?" ಎಂದಳು, ಬಾಯಿಗೆ ರೂಢಿಯಾದದ್ದು ಬಂತು, "ಛಲೋ ಅದ ಅಂದ."

ಮುಂದಿನದನ್ನು ನೀವು ಊಹಿಸಿರುತ್ತೀರಿ. ಉದಗೀರಿನ ಚೌಕದಲ್ಲಿ, ಬ್ಯಾಂಡಿನವರು ತಮ್ಮ ಅತ್ಯಂತ ಉದ್ದನೆಯ ಹಾಡು ಹಿಡಿದಿದ್ದಾಗ, ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ಎದ್ದಿತು. ಕೆಲವರು ಇದೂ ಮೆರವಣಿಗೆಯ ಒಂದು ಶೋಕಿ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಆಮೇಲೆ ಕುದಿನೀರು ಚಿಮ್ಮಿತು, ಕುಣಿಯುತ್ತಿದ್ದವರು ನಿಜವಾಗಿ ಕುಣಿದರು. ಬಾಸಿಂಗ ಕಟ್ಟಿಕೊಂಡ ಮದುಮಗ ಇಳಿದು, ಧೂಳಿನಲ್ಲಿ, ಹೊಸ ಚಪ್ಪಲಿಯಲ್ಲಿ ಕುಂಟುತ್ತ ಮಂಟಪಕ್ಕೆ ನಡೆದ. ಅವನ ಸೋದರಮಾವ, "ಹೀ ಗಾಡೀ ಕೀ ಭಟ್ಟೀ?" ಎಂದು, ಇದು ಗಾಡಿಯೋ ಕುಲುಮೆಯೋ ಎಂದು ಮರಾಠಿಯಲ್ಲಿ ಗಟ್ಟಿಯಾಗಿ ಕೇಳಿದ್ದಕ್ಕೆ ಗಂಡಿನ ಕಡೆಯವರೆಲ್ಲ ನಕ್ಕರು. ಊಟದ ಪಂಕ್ತಿಯಲ್ಲೂ ಅದೇ ಮಾತು, ಕಳಿಸಿಕೊಡುವಾಗಲೂ ಅದೇ ಮಾತು.

ಚಿಗವ್ವ ಸಂಜೆಯವರೆಗೆ ತಡೆದುಕೊಂಡಿದ್ದಳು. ಮಗಳನ್ನು ಕಳಿಸಿದ ಮೇಲೆ ಅಕ್ಕನ ಮುಂದೆ ಬಂದು ನಿಂತಳು. "ಕೆಟ್ಟ ಗಾಡಿ ಅಂತ ಗೊತ್ತಿದ್ದೂ ಕಳ್ಸಿದಿ. ನನ್ ಮಗಳ ಲಗ್ನದಾಗ ನಾಕ್ ಮಂದ್ಯಾಗ ನನ್ ಮಾನ ಕಳ್ದಿ."

ಅವ್ವ ನನ್ನ ಕಡೆ ತಿರುಗಿದಳು. "ಗಾಡಿ ಛಲೋ ಇತ್ತಲ್ಲೋ?"

"ಇತ್ತವ್ವ" ಎಂದೆ.

ಅವ್ವ ಕೊರಳಲ್ಲಿದ್ದ ಕರಡಿಗೆ ಬಿಚ್ಚಿದಳು. ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಬಲಗೈ ಮುಚ್ಚಿದಳು. "ಲಿಂಗ ಮುಟ್ಟಿ ಹೇಳ್ತೀನಿ. ನಮ್ ಮನಿ ಬಿಟ್ಟಾಗ ಗಾಡಿ ಛಲೋ ಇತ್ತು."

ನಮ್ಮ ಜನರಲ್ಲಿ ಇದು ಸಣ್ಣ ಮಾತಲ್ಲ. ದಿನವೂ ಅಂಗೈಯಲ್ಲಿಟ್ಟು ಪೂಜಿಸಿ, ಆಮೇಲೆಯೇ ಬಾಯಿಗೆ ನೀರು ಹಾಕುವ ಆ ಲಿಂಗವನ್ನು ಅವ್ವ ಅದಕ್ಕೂ ಮೊದಲು ಯಾವ ಜಗಳಕ್ಕೂ ಎಳೆತಂದಿರಲಿಲ್ಲ. ಚಿಗವ್ವನ ಸಿಟ್ಟು ಆಗಲೇ ಮೇರೆ ಮೀರಿತ್ತು. "ಲಿಂಗ ಹಿಡ್ಕೊಂಡು ಸುಳ್ಳ ಹೇಳ್ತಿ" ಎಂದುಬಿಟ್ಟಳು. ಅಲ್ಲಿಗೆ ಮುಗಿಯಿತು. ಅವ್ವ ಎದ್ದಳು, ನಾವು ಬಾಡಿಗೆಯ ಜೀಪಿನಲ್ಲಿ ಊರಿಗೆ ಬಂದೆವು. ವಾರದೊಳಗೆ ಪಂಖಾದ ಮೋಟರು ಬಂತು, ಗಾಡಿ ಸರಿಯಾಯಿತು. ಅಕ್ಕತಂಗಿಯರು ಎಂಟು ವರ್ಷ ಮಾತಾಡಲಿಲ್ಲ.

ಎಂಟು ವರ್ಷದಲ್ಲಿ ಹೇಳಲು ಸಮಯ ಸಿಗಲಿಲ್ಲವೇ ಎಂದು ಕೇಳಿದರೆ, ಸಿಕ್ಕಿತ್ತು, ದಿನವೂ ಸಿಕ್ಕಿತ್ತು. ಮೊದಲ ವಾರ ಹೆದರಿಕೆ, ಆಮೇಲೆ ನಾಚಿಕೆ, ಆಮೇಲೆ ಇಷ್ಟು ತಡವಾಗಿ ಹೇಗೆ ಹೇಳುವುದೆಂಬ ಸಂಕೋಚ. ಗಾಡಿಯ ಒಂದೊಂದು ಸದ್ದಿಗೂ ನಾನು ಉಮರ್ಗಾಕ್ಕೆ ಓಡುತ್ತಿದ್ದೆ. ಇದಕ್ಕೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಹಬ್ಬಕ್ಕೆ ಹೋಳಿಗೆ ಮಾಡಿದಾಗ ಅವ್ವ ತಟ್ಟೆಯ ಮುಂದೆ ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದಳು. ಚಿಗವ್ವನಿಗೆ ಹೋಳಿಗೆಯ ಅಂಚು ಇಷ್ಟ, ನಡುವಿನ ಹೂರಣ ಅವ್ವನಿಗೆ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಅದು ನೆನಪಾದಾಗ ನಾನು ತಲೆ ತಗ್ಗಿಸಿ ಬೇಗ ಬೇಗ ಉಂಡು ಏಳುತ್ತಿದ್ದೆ.

ಅಷ್ಟರಲ್ಲಿ ಬರಗಾಲದ ವರ್ಷಗಳು ಬಂದವು. ಒಂದಾದ ಮೇಲೊಂದು ಮಳೆಗಾಲ ಕೈಕೊಟ್ಟಿತು. ನಮ್ಮ ಓಣಿಗೆ ಟ್ಯಾಂಕರ್ ಬರುವ ದಿನವೇ ಹಬ್ಬ. ಬೆಳಗಿನಿಂದ ಕೊಡಗಳು ಬೀದಿಯುದ್ದಕ್ಕೂ ಸಾಲು ಹಿಡಿದು ನಿಲ್ಲುತ್ತಿದ್ದವು. ಪಾತ್ರೆಯನ್ನು ಬೂದಿಯಲ್ಲಿ ತಿಕ್ಕಿ ಒರೆಸಿಡುತ್ತಿದ್ದೆವು. ತರಕಾರಿ ತೊಳೆದ ನೀರು ಕೈ ತೊಳೆಯಲು, ಕೈ ತೊಳೆದದ್ದು ತುಳಸಿಗೆ. ಗಾಡಿ ತೊಳೆಯುವ ಮಾತು ಬಾಯಲ್ಲಿ ತರುವುದೂ ಪಾಪ. ಬೇವಿನ ಮರದ ಕೆಳಗೆ ನಿಂತು ನಿಂತು ಮೆಹೆಂದಿ ಬಣ್ಣ ಮಾಯವಾಗಿ, ಗಾಡಿಯ ಮೇಲೆ ಎರೆಮಣ್ಣಿನ ಧೂಳು ಒಂದು ಬೆರಳು ಕೂತಿತು. ಹಾದಿಹೋಕರು ಅದರ ಮೇಲೆ ಬೆರಳಿನಿಂದ ಬರೆಯುತ್ತಿದ್ದರು. ಒಬ್ಬರು 'ರಾಮ ರಾಮ' ಎಂದು, ಇನ್ನೊಬ್ಬರು 'ಮಾರುವುದಿದೆಯೇ' ಎಂದು, ಮೂರನೆಯವರು ಅದರ ಕೆಳಗೆ 'ಯಾರು ಕೊಳ್ಳುತ್ತಾರೆ' ಎಂದು. ಎಲ್ಲ ಮರಾಠಿಯಲ್ಲಿ. ಒರೆಸಲು ಒದ್ದೆ ಬಟ್ಟೆ ಬೇಕು, ಆದ್ದರಿಂದ ಓದಿಕೊಂಡು ಸುಮ್ಮನಾಗುತ್ತಿದ್ದೆ.

ಆ ಬೇಸಿಗೆಯಲ್ಲಿ ಒಂದು ಮುಂಜಾನೆ ಉದಗೀರಿನಿಂದ ಚಿಗವ್ವನ ಸೊಸೆಯ ಫೋನು. "ಅತ್ತಿ ಹಾಸಿಗಿ ಹಿಡದಾರ್ರಿ. ಊಟ ಬಿಟ್ಟಾರ. ಡಾಕ್ಟರ್ ಮನಿಗಿ ಒಯ್ರಿ ಅಂದಾರ. ದೊಡ್ಡವ್ವಗ ಹೇಳ್ರಿ, ಬಂದ್ರ ಬರ್ಲಿ."

ಅವ್ವ ಕೇಳಿ, ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ಆಮೇಲೆ ನನ್ನನ್ನು ಕರೆದು, "ಗಾಡಿ ತೆಗಿ" ಎಂದಳು.

"ಅವ್ವಾ, ಅದು ನಿಂತು ತಿಂಗಳಾಯ್ತು. ಜೀಪ್ ಹೇಳ್ತೀನಿ."

"ಬ್ಯಾಡ. ಆ ಗಾಡ್ಯಾಗೇ ಹೋಗಾದು. ಜೀಪಿನ್ಯಾಗ ಹೋದ್ರ ಆಕಿ ಏನಂತ ತಿಳ್ಕೋತಾಳ? ನನ್ ಮಾತು ಸುಳ್ಳಾಯ್ತು ಅಂತ. ಗಾಡಿ ಛಲೋ ಅದ ಅನ್ನಾದು ಆಕಿ ಕಣ್ಣಾರೆ ನೋಡ್ಲಿ. ಆಮ್ಯಾಲ ಸಾಯ್ಲಿ, ಬದುಕ್ಲಿ, ಶಿವನಿಚ್ಛಾ."

ಹಾಗೆಂದವಳೇ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ನನ್ನ ಸ್ಥಿತಿಯನ್ನು ನಾನೇನು ವರ್ಣಿಸಲಿ? ನನ್ನ ಸುಳ್ಳಿಗೆ ಅವಳು ಲಿಂಗ ಮುಟ್ಟಿದ್ದಳು, ಈಗ ಆ ಆಣೆಯ ಸಾಕ್ಷಿಯಾಗಿ ನನ್ನ ಗಾಡಿ ಉದಗೀರಿನವರೆಗೆ ಓಡಿ ಚಿಗವ್ವನ ಬಾಗಿಲಲ್ಲಿ ನಿಲ್ಲಬೇಕಿತ್ತು. ಅಷ್ಟು ದೂರಕ್ಕೂ ನನಗೆ ಧೈರ್ಯವಿರಲಿಲ್ಲ.

ಚಾಂದ್ ಮಿಸ್ತ್ರಿಗೆ ಫೋನು ಮಾಡಿ ಕಾರಣ ಹೇಳಿದೆ. ಅವನು ಗ್ಯಾರೇಜು ಮುಚ್ಚಿ, ಬಸ್ಸು ಹತ್ತಿ, ಚೀಲ ಹಿಡಿದು ತಾನೇ ಬಂದ. ಬೇವಿನ ಕೆಳಗೆ ಇಡೀ ದಿನ ಕೆಲಸ ನಡೆಯಿತು. ರೇಡಿಯೇಟರಿನ ರಬ್ಬರ್ ಕೊಳವೆ ಒಣಗಿ ಸೀಳಿತ್ತು. ಆ ಅಳತೆಯದು ಈಗ ಭೂಮಿಯ ಮೇಲೆ ಎಲ್ಲೂ ಸಿಗುವುದಿಲ್ಲವೆಂದು ಹೇಳಿ, ಮಿಸ್ತ್ರಿ ಪೇಟೆಯಿಂದ ಟ್ರ್ಯಾಕ್ಟರಿನ ಕೊಳವೆ ತಂದು ಕೊಯ್ದು ಕೂರಿಸಿದ.

"ಜರಾ ದೊಡ್ಡದಾಗ್ಯಾದ. ಕ್ಲಿಪ್ ಬಿಗದೀನಿ. ಅಲ್ಲಾ ಇಟ್ಟಂಗ" ಎಂದ. ಆಮೇಲೆ ಅವ್ವನಿಗೆ ಕೇಳದಂತೆ ನನ್ನ ಹತ್ತಿರ ಬಂದ. "ಆ ಪಂಖಾದ ಮಾತು ಅಮ್ಮಗ ಹೇಳೀರೇನು?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ಸಾಮಾನು ಚೀಲಕ್ಕೆ ತುಂಬಿಕೊಂಡ. ಚಹಾ ಕುಡಿದು ಹೋಗು ಎಂದರೆ, ನಿಮ್ಮ ನೀರು ಉಳಿಯಲಿ ಎಂದು ಹೊರಟುಬಿಟ್ಟ.

ಆ ವರ್ಷಗಳಲ್ಲಿ ನಮ್ಮ ಕಡೆ ಒಂದು ಹೊಸ ಪದ್ಧತಿ ಬಂದಿತ್ತು. ನೆಂಟರ ಮನೆಗೆ ಹೋಗುವಾಗ ಹಣ್ಣು, ಪೇಢೆ ಒಯ್ಯುವ ಬದಲು ನೀರು ಒಯ್ಯುತ್ತಿದ್ದೆವು. ಯಾರೂ ಗೊತ್ತು ಮಾಡಿದ್ದಲ್ಲ, ತಾನಾಗಿಯೇ ಬಂದದ್ದು. ಮರುದಿನ ಬೆಳಿಗ್ಗೆ ಅವ್ವ ಪೂಜೆ ಮುಗಿಸಿ, ತನ್ನ ತವರಿನ ಹಿತ್ತಾಳೆಯ ಕೊಡ ತುಂಬಿಸಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಸೀಟಿನ ಮೇಲೆ ತನ್ನ ಪಕ್ಕದಲ್ಲೇ ಇರಿಸಿಕೊಂಡಳು. ಡಿಕ್ಕಿಯಲ್ಲಿಡೋಣ ಎಂದರೆ ಒಪ್ಪಲಿಲ್ಲ. ದಾರಿಯುದ್ದಕ್ಕೂ ಕೊಡದ ಕುತ್ತಿಗೆಯನ್ನು ತಬ್ಬಿಕೊಂಡು ಕೂತಿದ್ದಳು.

ದೇವಣಿ ಇನ್ನೂ ಮುಂದಿತ್ತು. ಎರಡೂ ಬದಿಗೆ ಕಪ್ಪು ಹೊಲಗಳು ಬಿರಿದು ಮಲಗಿದ್ದವು. ನಾನು ರಸ್ತೆಗಿಂತ ಹೆಚ್ಚಾಗಿ ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತಿದ್ದೆ. ಅದು ನಡುವಿನಲ್ಲೇ ಇತ್ತು, ಇತ್ತು, ಇತ್ತು, ಒಮ್ಮೆಲೆ ಮೇಲೇರಿತು. ಎಂಜಿನ್ ಆರಿಸಿ ಬದಿಗೆ ಉರುಳಿಸಿ ನಿಲ್ಲಿಸಿದೆ. ಬಾನೆಟ್ ಎತ್ತಿದರೆ ಟ್ರ್ಯಾಕ್ಟರಿನ ಕೊಳವೆ ಕ್ಲಿಪ್ಪಿನಿಂದ ಜಾರಿ ಕೆಳಗೆ ತೂಗುತ್ತಿತ್ತು. ಇದ್ದ ನೀರೆಲ್ಲ ಡಾಂಬರಿನ ಮೇಲೆ ಹರಿದು, ನೋಡುನೋಡುತ್ತಲೇ ಆರಿತು.

ಬಟ್ಟೆ ವ್ಯಾಪಾರಿಗೆ ಬಟ್ಟೆಯೇ ದಿಕ್ಕು. ಹೆಗಲ ಮೇಲಿನ ಟವೆಲ್ಲಿನ ಅಂಚು ಹರಿದು, ರೇಡಿಯೇಟರಿನ ಲೋಹದ ಬಾಯಿಗೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಕೊಳವೆ ತುರುಕಿ ಕ್ಲಿಪ್ಪು ಬಿಗಿದೆ. ಗಟ್ಟಿಯಾಗಿ ಕೂತಿತು. ಆದರೆ ಒಳಗೆ ನೀರಿಲ್ಲ, ಸುತ್ತ ಕಣ್ಣು ಹಾಯುವವರೆಗೆ ನೀರಿಲ್ಲ, ಎಂಜಿನ್ ಆರುವವರೆಗೆ ಹಾಕುವಂತೆಯೂ ಇಲ್ಲ. ಅವ್ವ ಇಳಿದು ಜಾಲಿ ಮರದ ಚೂರು ನೆರಳಿನಲ್ಲಿ ಕೂತಳು. ಕೊಡವನ್ನು ಇಳಿಸಿಕೊಂಡು ಪಕ್ಕದಲ್ಲೇ ಇಟ್ಟುಕೊಂಡಿದ್ದಳು.

"ಯಾಕ ಹಿಂಗಾಯ್ತೋ? ಗಾಡಿ ಛಲೋ ಅದ ಅಂದಿದ್ದಿ" ಎಂದಳು. ಬೈಗುಳವಲ್ಲ, ನಿಜವಾದ ಆಶ್ಚರ್ಯ.

ನನಗೆ ತಡೆಯಲಾಗಲಿಲ್ಲ. ಅವಳ ಮುಂದೆ ನೆಲದ ಮೇಲೆ ಕೂತೆ.

"ಅವ್ವಾ, ಆ ದಿನ ಪಂಖಾ ತಿರಗ್ತಿರಲಿಲ್ಲ."

"ಯಾವ ದಿನ?"

"ಲಗ್ನದ ದಿನ. ಮಿಸ್ತ್ರಿ ಮೊದಲೇ ಹೇಳಿದ್ದ, ಮೆಲ್ಲಕ ನಡೆಸಿದ್ರ ಕುದೀತದ ಅಂತ. ನಂಗ ಗೊತ್ತಿತ್ತು."

ಅವ್ವನ ಕೈ ಕೊರಳಿನ ಕರಡಿಗೆಗೆ ಹೋಯಿತು. ಬಿಚ್ಚಲಿಲ್ಲ, ಸುಮ್ಮನೆ ಹಿಡಿದುಕೊಂಡಳು.

"ನಾ ಕೇಳ್ದಾಗ ಇತ್ತು ಅಂದಿ."

"ಅಂದೆ."

"ಎಂಟ್ ವರ್ಷ ದಿನಾ ಮುಂಜಾನಿ ಇದನ್ನ ಅಂಗೈಯಾಗ ಇಟ್ಕೊಂಡು, ಆಕಿಗಿ ಬುದ್ಧಿ ಕೊಡಪ್ಪಾ ಅಂತ ಬೇಡ್ಕೊಂಡೀನಿ." ಅವಳ ದನಿ ಏರಲಿಲ್ಲ. "ಕೊಡ್ಬೇಕಾಗಿದ್ದು ಯಾರಿಗೋ, ಬೇಡಿದ್ದು ಯಾರಿಗೋ."

ಅವಳು ಹೊಡೆದಿದ್ದರೆ ಒಳ್ಳೆಯದಿತ್ತು. ನನ್ನ ವಯಸ್ಸಿನ ಗಂಡಸು ನಡುರಸ್ತೆಯಲ್ಲಿ ಅಳುವುದು ಚೆನ್ನಾಗಿ ಕಾಣುವುದಿಲ್ಲ, ಆದರೂ ಅತ್ತೆ. ಒಂದು ಬಸ್ಸು ಧೂಳೆಬ್ಬಿಸಿ ಹೋಯಿತು. ನಾವಿಬ್ಬರೂ ಅದು ಕಣ್ಮರೆಯಾಗುವವರೆಗೆ ಅದನ್ನೇ ನೋಡಿದೆವು.

"ತಣ್ಣಗಾಗ್ಯಾದೇನು ನೋಡು" ಎಂದಳು ಅವ್ವ. ಎದ್ದು ಮುಟ್ಟಿ ನೋಡಿದೆ, ಆಗಿತ್ತು. ಅವಳು ಕೊಡದ ಬಾಯಿಯ ಬಟ್ಟೆ ಬಿಚ್ಚಿದಳು. "ಹಾಕು."

"ಚಿಗವ್ವಗ ತಂದಿದ್ದಲ್ಲವ್ವಾ?"

"ಕೊಡ ತಬ್ಕೊಂಡು ಇಲ್ಲೇ ಕುಂದ್ರಲೇನ್? ಹಾಕು. ಖಾಲಿ ಕೈಲೇ ಹೋಗ್ತೀನಿ."

ತವರಿನ ಕೊಡದ ನೀರು ರೇಡಿಯೇಟರಿನೊಳಗೆ ಗುಳುಗುಳು ಇಳಿಯಿತು. ಅವ್ವ ಪಕ್ಕದಲ್ಲೇ ನಿಂತು, ಒಂದು ಹನಿಯೂ ಹೊರಗೆ ಚೆಲ್ಲದಂತೆ ಸೆರಗು ಒಡ್ಡಿದ್ದಳು. ಟವೆಲ್ಲಿನ ಅಂಚು ಉದಗೀರಿನವರೆಗೂ ಕೈಬಿಡಲಿಲ್ಲ.

ಚಿಗವ್ವ ನಡುಮನೆಯ ಮಂಚದ ಮೇಲಿದ್ದಳು. ಎಂಟು ವರ್ಷದಲ್ಲಿ ಅವಳು ಅರ್ಧಕ್ಕರ್ಧ ಸಣ್ಣಗಾಗಿದ್ದಳು. ಮಗ, ಸೊಸೆ, ಮದುವೆಯಾದ ಆ ಮಗಳು, ಓಣಿಯ ನಾಲ್ಕಾರು ಹೆಂಗಸರು ಸುತ್ತ ಇದ್ದರು. ಅವ್ವ ಮಂಚದ ಅಂಚಿಗೆ ಕೂತು ತಂಗಿಯ ಕಾಲಿನ ಮೇಲೆ ಕೈಯಿಟ್ಟಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ನಿನಗ ನೀರ್ ತಂದಿದ್ದೆ. ಹಾದ್ಯಾಗ ಖರ್ಚಾಯ್ತು" ಎಂದಳು ಅವ್ವ. ಆಮೇಲೆ ಎಲ್ಲರಿಗೂ ಕೇಳುವಂತೆ, "ಆ ಲಗ್ನದಾಗ ಗಾಡಿ ಕೆಟ್ಟೇ ಇತ್ತು. ನಂಗ ಗೊತ್ತಿತ್ತು. ಗೊತ್ತಿದ್ದೇ ಲಿಂಗ ಮುಟ್ಟಿ ಸುಳ್ಳ ಹೇಳ್ದೆ. ತಪ್ಪು ನಂದು" ಎಂದಳು.

ನಾನು ಅವ್ವಾ ಎನ್ನಲು ಬಾಯಿ ತೆರೆದೆ, ಅವಳು ನನ್ನ ಕಡೆ ನೋಡದೆಯೇ ಹಿಂದಕ್ಕೆ ಕೈಯಾಡಿಸಿ ಸುಮ್ಮನಿರು ಎಂದಳು.

ಚಿಗವ್ವನ ಕಣ್ಣು ಅಕ್ಕನ ಮುಖದಿಂದ ಕದಲಲಿಲ್ಲ. ಸಣ್ಣ ದನಿಯಲ್ಲಿ ಕೇಳಿದಳು, "ಗಾಡ್ಯಾಗ ಏನ್ ಕೆಟ್ಟಿತ್ತಕ್ಕಾ?"

"ಪಂಖಾ."

"ಗಾಡ್ಯಾಗ ಪಂಖಾ ಎಲ್ಲಿರ್ತದ?"

ಅವ್ವ ಸ್ವಲ್ಪ ತಡವರಿಸಿದಳು. ಆಮೇಲೆ ಬೆರಳೆತ್ತಿ ಮೇಲೆ, ಛಾವಣಿಯ ಕಡೆ ತೋರಿಸಿದಳು.

ಚಿಗವ್ವನ ಎದೆ ಅಲುಗತೊಡಗಿತು. ಕೆಮ್ಮೆಂದು ಸೊಸೆ ಓಡಿಬಂದಳು, ಕೆಮ್ಮಲ್ಲ, ನಗು. ನಗುತ್ತಲೇ ಕಣ್ಣಲ್ಲಿ ನೀರು ಇಳಿಯಿತು. "ಈಕಿಗಿ ಸುಳ್ಳ ಹೇಳಾಕ ಬರಂಗಿಲ್ಲ. ಸಣ್ಣಾಕಿ ಇದ್ದಾಗಿಂದ ಬರಂಗಿಲ್ಲ. ಆವತ್ತ ಈಕಿನ್ನ ನಂಬಲಿಲ್ಲಲ್ಲ ನಾ" ಎಂದು ಅಕ್ಕನ ಕೈ ಹಿಡಿದುಕೊಂಡಳು. ಆಮೇಲೆ ಅವಳ ಕಣ್ಣು ಬಾಗಿಲ ಕಡೆ ಬಂದು ನನ್ನ ಮೇಲೆ ನಿಂತಿತು.

"ಬಾ ಇಲ್ಲಿ."

ಹೋಗಿ ಮಂಚದ ಪಕ್ಕ ಮಂಡಿಯೂರಿದೆ. "ನಾನೇ ಚಿಗವ್ವ. ನಂಗ ಗೊತ್ತಿತ್ತು. ಅವ್ವಗ ಇವತ್ತ ಹಾದ್ಯಾಗ ಹೇಳೀನಿ" ಎಂದೆ.

"ಎಂಟ್ ವರ್ಷ ನನ್ ಅಕ್ಕನ್ನ ನನಗ ಇಲ್ಲದಂಗ ಮಾಡ್ದಿಯಲ್ಲೋ" ಎಂದು ಅವಳು ಕೈಯೆತ್ತಿ ಎಲ್ಲರೆದುರು ನನ್ನ ಕಿವಿ ಹಿಡಿದಳು. ಹಿಂಡಬೇಕೆಂದು ಬಹಳ ಪ್ರಯತ್ನಪಟ್ಟಳು. ಬೆರಳುಗಳಲ್ಲಿ ಶಕ್ತಿಯೇ ಉಳಿದಿರಲಿಲ್ಲ. ಅವಳ ಕೈ ಜಾರದಿರಲೆಂದು ನಾನು ತಲೆಯನ್ನು ಇನ್ನಷ್ಟು ಬಗ್ಗಿಸಿದೆ.